ದ್ವೀಪ ಪ್ರವಾಸದ ಸ್ಮರಣಿಕೆಗಳು: ಕೊಳ್ಳುವಾಗಿನ ಎಚ್ಚರ, ಕೊಂಡ ಮೇಲಿನ ಲೆಕ್ಕ



ವ್ಯಾಪಾರಸ್ಥರ ವಿದೇಶ ಪ್ರವಾಸ ಇಂದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಸಿಮೆಂಟು, ಬಣ್ಣ, ಪಂಪ್‌ಸೆಟ್, ರಸಗೊಬ್ಬರ ಮುಂತಾದ ಸರಕುಗಳ ಕಂಪನಿಗಳು ಮಾರಾಟದ ಗುರಿ ಮುಟ್ಟಿದ ಡೀಲರುಗಳನ್ನು ಬಾಲಿ, ಶ್ರೀಲಂಕಾ, ಮಾರಿಷಸ್, ಅಂಡಮಾನ್ ಮೊದಲಾದ ದ್ವೀಪಗಳಿಗೆ ಕರೆದೊಯ್ಯುತ್ತವೆ. ಹೋದವರು ಬರಿಗೈಯಲ್ಲಿ ಹಿಂತಿರುಗುವುದಿಲ್ಲ. ಮನೆಯವರಿಗೆ, ಗಿರಾಕಿಗಳಿಗೆ, ಗುಮಾಸ್ತರಿಗೆ ಎಂದು ಚೀಲ ತುಂಬಿಕೊಂಡು ಬರುತ್ತಾರೆ. ಅಂಗಡಿಯಲ್ಲಿ ಐದು ಪೈಸೆಯ ವ್ಯತ್ಯಾಸಕ್ಕೂ ಲೆಕ್ಕ ಹಾಕುವ ನಾವು ಪ್ರವಾಸದಲ್ಲಿ ಮಾತ್ರ ಲೆಕ್ಕ ಮರೆಯುತ್ತೇವೆ. ಈ ಮರೆವಿನ ಬೆಲೆ ಎಷ್ಟು, ಅದರಿಂದ ಕಲಿಯಬೇಕಾದದ್ದೇನು ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕೆಲ ತಿಂಗಳ ಹಿಂದೆ ದಾವಣಗೆರೆಯ ಹಾರ್ಡ್‌ವೇರ್ ವರ್ತಕರೊಬ್ಬರು, ನನ್ನ ಹಳೆಯ ಕಕ್ಷಿದಾರರು, ಬಾಲಿ ಪ್ರವಾಸ ಮುಗಿಸಿ ನನ್ನ ಕಚೇರಿಗೆ ಬಂದರು. ಒಂದು ಕಟ್ಟು ಬಿಲ್ಲುಗಳನ್ನು ಮೇಜಿನ ಮೇಲಿಟ್ಟು, "ಆಡಿಟರೇ, ಇವಿಷ್ಟನ್ನೂ ವ್ಯಾಪಾರದ ಖರ್ಚಿಗೆ ಹಾಕಿಬಿಡ್ರಿ" ಎಂದರು. ಬಿಲ್ಲಿನ ಜೊತೆಗೆ ವಸ್ತುಗಳನ್ನೂ ತೋರಿಸಲು ತಂದಿದ್ದರು. ಗಿರಾಕಿಗಳಿಗೆ ಹಂಚಲು ತಂದ ಒಂದೇ ನಮೂನೆಯ ಹನ್ನೆರಡು ಮರದ ಮುಖವಾಡಗಳ ಪೈಕಿ ಒಂದು ಮೊದಲನೆಯದು. ಮನೆಯವರಿಗಾಗಿ 2,400 ರೂಪಾಯಿ ಕೊಟ್ಟು ತಂದ ಕನ್ನಡಿ ಕಸೂತಿಯ ಕೈಚೀಲ ಎರಡನೆಯದು. ಹಿಂದೊಮ್ಮೆ ಅಂಡಮಾನಿನ ಕಡಲ ದಂಡೆಯಲ್ಲಿ ಆರಿಸಿಕೊಂಡ ಹವಳದ ತುಂಡು ಮೂರನೆಯದು. ನನಗೆ ಉಡುಗೊರೆಯಾಗಿ ಕೊಡಲೆಂದು ಅದನ್ನು ತಂದಿದ್ದರು. ಈ ಮೂರು ವಸ್ತುಗಳು ಮೂರು ಪಾಠಗಳನ್ನು ಹೇಳುತ್ತವೆ.

1. ಮುಖವಾಡದ ಪಾಠ: ಬೆಲೆ ಮತ್ತು ಲೆಕ್ಕ

ಬಾಲಿಯ ಗಿಯಾನ್ಯಾರ್ ಎಂಬ ಜಿಲ್ಲೆಯ ವಿಸ್ತೀರ್ಣ ಸುಮಾರು 368 ಚದರ ಕಿಲೋಮೀಟರ್. ಇದು ನಮ್ಮ ದಾವಣಗೆರೆ ಜಿಲ್ಲೆಯ ಹತ್ತನೆಯ ಒಂದು ಪಾಲಿಗೂ ಕಡಿಮೆ. ಈ ಪುಟ್ಟ ಪ್ರದೇಶದಲ್ಲಿ ಊರಿಗೊಂದು ಕಸುಬು ನೆಲೆಗೊಂಡಿದೆ. ಮಾಸ್ ಎಂಬ ಹಳ್ಳಿ ಮರದ ಕೆತ್ತನೆಗೂ ಮುಖವಾಡಗಳಿಗೂ, ಚೆಲುಕ್ ಬೆಳ್ಳಿ ಕೆಲಸಕ್ಕೂ, ಬಾಟುಬುಲಾನ್ ಕಲ್ಲಿನ ಕೆತ್ತನೆಗೂ ಹೆಸರಾಗಿವೆ. ಸುಕಾವತಿ ಮತ್ತು ಉಬುದ್‌ನಲ್ಲಿ ಇವೆಲ್ಲವೂ ದೊರೆಯುವ ಕಲಾ ಮಾರುಕಟ್ಟೆಗಳಿವೆ. ಅಂದರೆ ತಯಾರಿಕೆಯ ಊರು ಬೇರೆ, ಮಾರಾಟದ ಊರು ಬೇರೆ. ನಮ್ಮ ಕಕ್ಷಿದಾರರು ಕೊಂಡದ್ದು ಈ ಎರಡೂ ಕಡೆಯಲ್ಲಲ್ಲ. ಬಾಡಿಗೆ ಕಾರಿನ ಚಾಲಕ ತಾನಾಗಿ ಕರೆದೊಯ್ದು ನಿಲ್ಲಿಸಿದ ದೊಡ್ಡ ಮಳಿಗೆಯಲ್ಲಿ.

ಪ್ರವಾಸಿ ತಾಣಗಳಲ್ಲಿ ಚಾಲಕರಿಗೆ, ಮಾರ್ಗದರ್ಶಿಗಳಿಗೆ ಮಳಿಗೆಯಿಂದ ದಲ್ಲಾಳಿ ಸಲ್ಲುವುದು ಎಲ್ಲೆಡೆ ಇರುವ ಪದ್ಧತಿ. ಅಡತಿ ವ್ಯಾಪಾರ ಬಲ್ಲ ನಮಗೆ ಇದು ಹೊಸದಲ್ಲ. ಪಾಠದ ಅನುಕೂಲಕ್ಕಾಗಿ ಅಂಕಿ ಹಾಕಿ ನೋಡೋಣ. ಮಳಿಗೆಯಲ್ಲಿ 2,000 ರೂಪಾಯಿಗೆ ಮಾರಾಟವಾದ ಮುಖವಾಡದಲ್ಲಿ ಚಾಲಕನ ದಲ್ಲಾಳಿ 500, ಬಾಡಿಗೆ ಮತ್ತು ಸಂಬಳ 500, ಮಳಿಗೆಯ ಲಾಭ 400, ಸಾಗಣೆ ಮತ್ತು ಕಟ್ಟುವ ಖರ್ಚು 100 ಎಂದಿಟ್ಟುಕೊಂಡರೆ ಕೆತ್ತಿದವನ ಕೈಗೆ ಉಳಿಯುವುದು 500 ರೂಪಾಯಿ ಮಾತ್ರ. ಅದೇ ವಸ್ತುವನ್ನು ಕೆತ್ತುವ ಊರಿಗೇ ಹೋಗಿ 1,200 ರೂಪಾಯಿಗೆ ಕೊಂಡರೆ ನಮಗೆ 800 ರೂಪಾಯಿ ಉಳಿತಾಯ, ಅವನಿಗೆ 700 ರೂಪಾಯಿ ಹೆಚ್ಚು. ಆದುದರಿಂದ ಚೌಕಾಸಿ ಮಾಡಬೇಕಾದದ್ದು ಕುಶಲಕರ್ಮಿಯ ಕೂಲಿಯ ಮೇಲಲ್ಲ, ನಡುವಿನ ಕೊಂಡಿಗಳ ಮೇಲೆ. ಮೊದಲು ಮೂರು ಕಡೆ ದರ ವಿಚಾರಿಸಿ, ಅನಂತರ ಕೊಳ್ಳುವುದು ಲೇಸು.

ಹಣದ ಲೆಕ್ಕದಲ್ಲಿ ಎರಡು ಎಚ್ಚರಗಳು ಅಗತ್ಯ. ಇಂಡೋನೇಷ್ಯಾದ ರುಪಿಯಾದಲ್ಲಿ ಸೊನ್ನೆಗಳು ಬಹಳ. ಒಂದು ಲಕ್ಷ ರುಪಿಯಾ ಎಂದರೆ ನಮ್ಮ ಕೆಲವೇ ನೂರು ರೂಪಾಯಿ. ಒಂದು ಸೊನ್ನೆ ತಪ್ಪಿದರೆ ಬೆಲೆ ಹತ್ತು ಪಟ್ಟಾಗುತ್ತದೆ. ಆದ್ದರಿಂದ ಆ ದಿನದ ವಿನಿಮಯ ದರದ ಚಿಕ್ಕ ಕೋಷ್ಟಕವೊಂದನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಎರಡನೆಯದಾಗಿ, ಕಾರ್ಡ್ ಯಂತ್ರವು "ರೂಪಾಯಿಯಲ್ಲಿ ಪಾವತಿಸುವಿರಾ?" ಎಂದು ಕೇಳಿದಾಗ ಸ್ಥಳೀಯ ಹಣವನ್ನೇ ಆರಿಸಬೇಕು. ರೂಪಾಯಿ ಆರಿಸಿದರೆ ವಿನಿಮಯ ದರವನ್ನು ಅಂಗಡಿಯ ಕಡೆಯವರು ನಿಗದಿ ಮಾಡುತ್ತಾರೆ, ಅದು ಸಾಮಾನ್ಯವಾಗಿ ನಮಗೆ ನಷ್ಟದ ದರ. ಶ್ರೀಲಂಕಾ ಮತ್ತು ಮಾರಿಷಸ್‌ಗಳಲ್ಲಿ 2024ರ ಫೆಬ್ರವರಿ 12ರಂದು ನಮ್ಮ ಯುಪಿಐ ಪಾವತಿ ಆರಂಭವಾಗಿರುವುದು ಪ್ರವಾಸಿಗರಿಗೆ ಒಂದು ಅನುಕೂಲ.

ಇನ್ನು ನಮ್ಮ ಖಾತೆ ಪುಸ್ತಕಕ್ಕೆ ಬರೋಣ. ಕಕ್ಷಿದಾರರ ಪ್ರಕಾರ ಪ್ರವಾಸ "ಪುಕ್ಕಟೆ". ಕಾನೂನಿನ ಪ್ರಕಾರ ಹಾಗಲ್ಲ. ವ್ಯಾಪಾರದ ಸಂಬಂಧದಿಂದ ದೊರೆತ ಸೌಲಭ್ಯವೂ ವ್ಯಾಪಾರದ ಆದಾಯವೇ. 2022ರ ಜುಲೈ 1ರಿಂದ ಜಾರಿಗೆ ಬಂದ 194ಆರ್ ಕಲಮಿನ ಮೇರೆಗೆ ವರ್ಷಕ್ಕೆ 20,000 ರೂಪಾಯಿ ಮೀರಿದ ಇಂತಹ ಸೌಲಭ್ಯದ ಮೇಲೆ ಕಂಪನಿ ಶೇ. 10ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡಿಸಬೇಕು. 1961ರ ಕಾಯ್ದೆಯ ಬದಲಿಗೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆಯಾದರೂ ತತ್ತ್ವ ಇದೇ ಆಗಿದೆ. ಪ್ರವಾಸದ ಮೌಲ್ಯ 80,000 ರೂಪಾಯಿ ಎಂದುಕೊಳ್ಳಿ. ಶೇ. 30ರ ದರದಲ್ಲಿರುವ ವರ್ತಕನಿಗೆ ಶೇ. 4ರ ಸೆಸ್ ಸೇರಿ ತೆರಿಗೆ 24,960 ರೂಪಾಯಿ. ಕಡಿತವಾದ 8,000 ಕಳೆದರೆ ಇನ್ನೂ 16,960 ರೂಪಾಯಿ ಕಟ್ಟಬೇಕು. ಈ ಮೊತ್ತ ಇಲಾಖೆಯ ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ ನಮೂದಾಗಿರುತ್ತದೆ. ರಿಟರ್ನ್‌ನಲ್ಲಿ ಅದನ್ನು ತೋರಿಸದಿದ್ದರೆ ನೋಟಿಸು ಬರುವುದು ಸಹಜ.

ಕೊಂಡ ವಸ್ತುಗಳ ವಿಷಯ ಹೀಗಿದೆ. ಮನೆಯವರಿಗೆ ತಂದದ್ದು ಸ್ವಂತ ಖರ್ಚು. ಅದು ಬಂಡವಾಳ ಖಾತೆಯ ಡ್ರಾಯಿಂಗ್ಸ್‌ಗೆ ಸೇರಬೇಕು. ಗಿರಾಕಿಗಳಿಗೆ ಕೊಟ್ಟದ್ದು ವ್ಯಾಪಾರದ ಖರ್ಚಾಗಬಹುದು. ಆದರೆ ಬಿಲ್ಲು ಇರಬೇಕು, ಯಾರಿಗೆ ಕೊಟ್ಟೆವೆಂಬ ಪಟ್ಟಿ ಇರಬೇಕು, ವ್ಯಾಪಾರದ ಉದ್ದೇಶ ಸ್ಪಷ್ಟವಿರಬೇಕು. ಇಲ್ಲಿಯೇ ಕೊಂಡು ದೀಪಾವಳಿಗೆ ಉಡುಗೊರೆಯಾಗಿ ಹಂಚುವ ವಸ್ತುಗಳ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಲು ಸಿಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮು ಅವಕಾಶ ಕೊಡುವುದಿಲ್ಲ. ಪ್ರತಿ ವರ್ಷ ಲೆಕ್ಕ ಪರಿಶೋಧನೆಯಲ್ಲಿ ನಾನು ಕಾಣುವ ತಪ್ಪುಗಳಲ್ಲಿ ಇದೂ ಒಂದು.

ವಿಮಾನ ನಿಲ್ದಾಣದ ಸುಂಕದ ಕಟ್ಟೆಯನ್ನೂ ನೆನೆಯಬೇಕು. ಪ್ರಯಾಣಿಕರ ಸಾಮಾನಿಗೆ ಸುಂಕ ವಿನಾಯಿತಿಯ ಮಿತಿ 2016ರ ಬ್ಯಾಗೇಜ್ ನಿಯಮಗಳಲ್ಲಿ 50,000 ರೂಪಾಯಿ ಇತ್ತು (ನೇಪಾಳ, ಭೂತಾನ್, ಮ್ಯಾನ್ಮಾರ್ ಹೊರತು). ಈ ಮಿತಿಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಹೊರಡುವ ಮುನ್ನ ಆ ದಿನಕ್ಕೆ ಜಾರಿಯಲ್ಲಿರುವ ಮಿತಿಯನ್ನು ನೋಡಿಕೊಳ್ಳಬೇಕು. ಮಿತಿಗಿಂತ ಮುಖ್ಯವಾದುದು ಉದ್ದೇಶ. ಈ ವಿನಾಯಿತಿ ಸ್ವಂತ ಬಳಕೆ ಮತ್ತು ಉಡುಗೊರೆಗೆ ಮಾತ್ರ ಸಲ್ಲುತ್ತದೆ. ಅಂಗಡಿಯಲ್ಲಿಟ್ಟು ಮಾರಲು ತರುವುದಾದರೆ ಆಮದು-ರಫ್ತು ಸಂಕೇತ ಸಂಖ್ಯೆ ಪಡೆದು, ಕ್ರಮಬದ್ಧವಾಗಿ ಆಮದು ಮಾಡಿಕೊಳ್ಳಬೇಕು. ಒಂದೇ ನಮೂನೆಯ ಹನ್ನೆರಡು ಮುಖವಾಡ ಕಂಡ ಅಧಿಕಾರಿ ಪ್ರಶ್ನೆ ಕೇಳಿದರೆ ಅದು ಅವರ ಕರ್ತವ್ಯ. ಬಿಲ್ಲುಗಳು ಕೈಯಲ್ಲಿದ್ದರೆ ಉತ್ತರ ಸುಲಭ.

2. ಹವಳದ ಪಾಠ: ಕಾನೂನು

ಹವಳದ ತುಂಡನ್ನು ನಾನು ಸ್ವೀಕರಿಸಲಿಲ್ಲ. ಕಕ್ಷಿದಾರರಿಗೆ ಬೇಸರವಾಯಿತು. "ದಂಡ್ಯಾಗ ಬಿದ್ದಿದ್ದನ್ನ ಆರಿಸ್ಕೊಂಡಿದ್ದು, ರೊಕ್ಕ ಕೊಟ್ಟಿಲ್ಲ" ಎಂದರು. ತೊಡಕು ಇರುವುದು ಅಲ್ಲಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಹವಳಗಳನ್ನೂ ಕೆಲವು ಜಾತಿಯ ಚಿಪ್ಪು ಹಾಗೂ ಶಂಖಗಳನ್ನೂ ಸೇರಿಸಲಾಯಿತು. ಹುಲಿಗೆ ಇರುವ ಸಾಲಿನಲ್ಲಿಯೇ ಹವಳವೂ ಇದೆ. ಕೊಂಡರೂ ಆರಿಸಿಕೊಂಡರೂ ಅದು ಅಪರಾಧವೇ. ಹವಳವು ಕಲ್ಲಲ್ಲ; ಅಸಂಖ್ಯಾತ ಸೂಕ್ಷ್ಮ ಜೀವಿಗಳು ವರ್ಷಗಟ್ಟಲೆ ಕಟ್ಟಿದ ಮನೆ. ಮೀನುಗಳು ಅದರಲ್ಲಿ ಮರಿಮಾಡುತ್ತವೆ, ದ್ವೀಪದ ದಂಡೆಯನ್ನು ಅದು ಅಲೆಯಿಂದ ಕಾಯುತ್ತದೆ. ದೈತ್ಯ ಕ್ಲಾಮ್ ಎಂಬ ದೊಡ್ಡ ಚಿಪ್ಪು, ನಾಟಿಲಸ್ ಎಂಬ ಸುರುಳಿ ಚಿಪ್ಪುಗಳಿಗೂ ಇಂತಹ ರಕ್ಷಣೆ ಇದೆ.

2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಪಡೆದ ಪೋರ್ಟ್ ಬ್ಲೇರ್‌ನಲ್ಲಿ ಸಾಗರಿಕಾ ಎಂಬ ಸರ್ಕಾರಿ ಮಳಿಗೆ ಇದೆ. ಮರದ, ಬಿದಿರಿನ, ತೆಂಗಿನ ಚಿಪ್ಪಿನ ವಸ್ತುಗಳನ್ನು ಇಂತಹ ಮಳಿಗೆಗಳಲ್ಲಿ ಬಿಲ್ಲಿನೊಂದಿಗೆ ಕೊಳ್ಳುವುದು ಕ್ಷೇಮ. ಕಡಲ ಚಿಪ್ಪಿನ ವಸ್ತುವಾದರೆ ಅದು ಅನುಮತಿ ಇರುವ ಜಾತಿಯದೇ ಎಂದು ಕೇಳಿ, ಬಿಲ್ಲನ್ನು ವಸ್ತುವಿನ ಜೊತೆಯಲ್ಲೇ ಇಟ್ಟುಕೊಳ್ಳಬೇಕು. ವಿದೇಶದ ದ್ವೀಪಗಳಲ್ಲೂ ಹವಳ, ಆಮೆ ಚಿಪ್ಪು, ದಂತದ ವಸ್ತುಗಳಿಗೆ ಕೈಹಾಕಬಾರದು. ಅವುಗಳ ಗಡಿ ದಾಟಿದ ವ್ಯಾಪಾರವನ್ನು ಅಂತರರಾಷ್ಟ್ರೀಯ ಒಪ್ಪಂದ ನಿಯಂತ್ರಿಸುತ್ತದೆ. ಕಕ್ಷಿದಾರರಿಗೆ ನಾನು ಹೇಳಿದ್ದಿಷ್ಟೇ: ವಕೀಲರನ್ನು ಕಂಡು, ಅರಣ್ಯ ಇಲಾಖೆಗೆ ಒಪ್ಪಿಸುವ ಕ್ರಮವನ್ನು ತಿಳಿದುಕೊಳ್ಳಿ, ಇನ್ನೊಬ್ಬರಿಗೆ ಉಡುಗೊರೆ ಕೊಟ್ಟು ಅವರನ್ನೂ ಸಿಕ್ಕಿಸಬೇಡಿ.

3. ಕೈಚೀಲದ ಪಾಠ: ಅಸಲಿ ಮತ್ತು ನಕಲಿ

ಕೈಚೀಲವನ್ನು ನೋಡಿ ಮೆಚ್ಚಿದವನು ನಾನು. ಕೆಂಪು ಬಟ್ಟೆಯ ಮೇಲೆ ಕನ್ನಡಿ, ಅಂಚಿಗೆ ಕವಡೆ. ನಮ್ಮ ಕಚೇರಿಯಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳು ನ್ಯಾಮತಿ ಕಡೆಯ ತಾಂಡಾದವಳು. ಆಕೆ ಚೀಲವನ್ನು ಕೈಗೆತ್ತಿಕೊಂಡವಳೇ ಒಳಮೈಯನ್ನು ಹೊರಗೆ ಮಾಡಿ ನೋಡಿದಳು. "ಇದು ಕೈ ಹೊಲಿಗೆ ಅಲ್ಲ ಸರ್, ಮಿಷನ್‌ದು. ನಮ್ಮವ್ವ ಹಾಕಿದ್ದಾದ್ರೆ ಹಿಂದ್ಗಡೆನೂ ನೋಡೋ ಹಂಗಿರುತ್ತೆ" ಎಂದಳು. ಒಳಬದಿಯಲ್ಲಿ ಬಾಬಿನ್ ದಾರ ಒಂದೇ ಸಮನೆ ಹರಿದಿತ್ತು. ಮೂಲೆಯಲ್ಲಿ ಬೆರಳಗಲದ ಚೀಟಿಯೊಂದಿತ್ತು: ಮೇಡ್ ಇನ್ ಇಂಡಿಯಾ. ಕಕ್ಷಿದಾರರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ನಮ್ಮ ನಾಡಿನ ಹೊಲಿಗೆಯ ನಕಲು ಸಮುದ್ರ ದಾಟಿ ಹೋಗಿ, 2,400 ರೂಪಾಯಿಗೆ ನಮಗೇ ಮಾರಾಟವಾಗಿತ್ತು.

ಆ ದಿನ ನಾನು ಕಲಿತ ಪರೀಕ್ಷೆ ಎಲ್ಲ ಕರಕುಶಲ ವಸ್ತುಗಳಿಗೂ ಸಲ್ಲುತ್ತದೆ. ವಸ್ತುವಿನ ಬೆನ್ನು ನೋಡಬೇಕು. ಕಸೂತಿಯಾದರೆ ಒಳಮೈ ನೋಡಬೇಕು. ಬಾಟಿಕ್ ಬಟ್ಟೆಯಾದರೆ ಮೇಣದ ಕೆಲಸದ ಬಣ್ಣ ಎರಡೂ ಬದಿಗೆ ಇಳಿದಿರುತ್ತದೆ. ಅಗ್ಗದ ಅಚ್ಚಿನಲ್ಲಿ ಹಿಂಬದಿ ಮಸುಕಾಗಿರುತ್ತದೆ. ಮರದ ಕೆತ್ತನೆಯಲ್ಲಿ ಉಳಿಯ ಗುರುತು ಕಾಣುತ್ತದೆ, ಎರಡು ವಸ್ತುಗಳು ಕೂದಲೆಳೆಯಷ್ಟಾದರೂ ಭಿನ್ನವಾಗಿರುತ್ತವೆ. ಹನ್ನೆರಡು ಮುಖವಾಡಗಳೂ ಒಂದೇ ಅಚ್ಚಿನಂತಿದ್ದುದೇ ಅವುಗಳ ಹುಟ್ಟನ್ನು ಸಾರುತ್ತಿತ್ತು. ಶ್ರೀಲಂಕಾದ ಅಂಬಲಂಗೊಡದಲ್ಲಿ ಹಗುರವಾದ ಕದುರು ಮರದಿಂದ ಮುಖವಾಡ ಕೆತ್ತುತ್ತಾರೆ. ಕೈಯಲ್ಲಿ ಹಿಡಿದರೆ ಆ ಹಗುರವೇ ಗುರುತು.

ಬೆಲೆ ನಿಗದಿ ಇರುವ ಸರ್ಕಾರಿ ಮಳಿಗೆಯಲ್ಲಿ ಮೊದಲು ದರ ನೋಡಿಕೊಂಡು ಬಳಿಕ ಪೇಟೆಗೆ ಇಳಿಯುವುದು ಇನ್ನೊಂದು ಉಪಾಯ. ಶ್ರೀಲಂಕಾದ ಲಕ್ಸಲ ಮಳಿಗೆಗಳ ಸಂಸ್ಥೆ ಸ್ಥಾಪನೆಯಾದದ್ದು 1964ರಲ್ಲಿ. ಕಾವೇರಿ ಮಳಿಗೆಗಳನ್ನು ನಡೆಸುವ ನಮ್ಮ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಸ್ಥಾಪನೆಯಾದದ್ದೂ ಅದೇ 1964ರಲ್ಲಿ.

4. ನಮ್ಮ ಊರಿನ ಪಾಠ: ಬಂದವರಿಗೆ ಏನು ಕೊಡುತ್ತೇವೆ?

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ. ಬೆಣ್ಣೆ ದೋಸೆಯ ಊರಿನವರಿಗೆ ಈ ಗಾದೆ ಬೇರೆಯವರು ಹೇಳಬೇಕಾಗಿಲ್ಲ. ಪರಊರಿನ ಗಿರಾಕಿ ದಾವಣಗೆರೆಗೆ ಬಂದಾಗ ನಾವು ದೋಸೆ ತಿನ್ನಿಸುತ್ತೇವೆ, ಮಂಡಕ್ಕಿ ಮೆಣಸಿನಕಾಯಿ ಕೊಡಿಸುತ್ತೇವೆ, ಹರಿಹರೇಶ್ವರನ ದರ್ಶನ ಮಾಡಿಸುತ್ತೇವೆ, ಸೂಳೆಕೆರೆಯನ್ನೂ ಸಂತೇಬೆನ್ನೂರಿನ ಪುಷ್ಕರಣಿಯನ್ನೂ ತೋರಿಸುತ್ತೇವೆ. ಆದರೆ ದೋಸೆಯನ್ನು ಕಟ್ಟಿ ಕಳಿಸಲಾಗದು. ಆತ ಊರಿಗೆ ಒಯ್ದು ಷೋಕೇಸಿನಲ್ಲಿಡುವ ಒಂದು ವಸ್ತು ನಮ್ಮಲ್ಲಿ ಯಾವುದಿದೆ? ನಮ್ಮ ಸಭೆ ಸಮಾರಂಭಗಳಲ್ಲಿ ಅತಿಥಿಗಳಿಗೆ ಕೊಡುವ ಸ್ಮರಣಿಕೆಗಳನ್ನು ತಿರುಗಿಸಿ ನೋಡಿ: ಬಹುಪಾಲು ಹೊರಗಿನಿಂದ ತರಿಸಿದ ಪ್ಲಾಸ್ಟಿಕ್ ಮತ್ತು ಗಾಜು, ಹೆಸರಿನ ಪಟ್ಟಿ ಮಾತ್ರ ನಮ್ಮದು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರ ಸಮುದಾಯಕ್ಕೆ ಪೂಜ್ಯವಾದ ಊರು. ಸುತ್ತಲಿನ ತಾಂಡಾಗಳಲ್ಲಿ ಕನ್ನಡಿ ಹೊಲಿಗೆ ಬಲ್ಲ ತಾಯಂದಿರು ಇನ್ನೂ ಇದ್ದಾರೆ. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ಸಂದರ್ಭದಲ್ಲಿ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ. ಇಲ್ಲೊಂದು ಎಚ್ಚರ: ಆ ಹೆಸರು ಸಂಡೂರಿನದು. ನಮ್ಮ ಕಡೆಯ ವಸ್ತುವಿಗೆ ಅದನ್ನು ಅಂಟಿಸಬಾರದು. ತಯಾರಾದ ಊರಿನ ಹೆಸರನ್ನೇ ಪ್ರಾಮಾಣಿಕವಾಗಿ ಬರೆಯಬೇಕು.

ಒಂದು ಸಣ್ಣ ಕೈಚೀಲದ ಅಂದಾಜು ವೆಚ್ಚವನ್ನು ಉದಾಹರಣೆಗಾಗಿ ಕೊಡುತ್ತೇನೆ:

ಬಟ್ಟೆ: 40 ರೂ.
ದಾರ, ಕನ್ನಡಿ, ಕವಡೆ: 30 ರೂ.
ಹೊಲಿಗೆ ಕೂಲಿ, 6 ಗಂಟೆ, ಗಂಟೆಗೆ 70 ರೂ.ನಂತೆ: 420 ರೂ.
ಚೀಟಿ ಮತ್ತು ಪೊಟ್ಟಣ: 20 ರೂ.
ಮೇಲ್ವೆಚ್ಚ, ಶೇ. 10: 51 ರೂ.
ಒಟ್ಟು ವೆಚ್ಚ: 561 ರೂ.
ಅಂಗಡಿಯ ಲಾಭ, ಶೇ. 25: 140 ರೂ.
ಮಾರಾಟ ಬೆಲೆ (ತೆರಿಗೆ ಹೊರತು): 701 ರೂ.

ಇಲ್ಲಿ ಗಮನಿಸಬೇಕಾದ ಅಂಶ ಯಾವುದು? ಮಾರಾಟ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 420 ರೂಪಾಯಿ, ಹೊಲಿದ ಕೈಗೆ ಸೇರುತ್ತದೆ. "ಏಳುನೂರು ಯಾರು ಕೊಡ್ತಾರ್ರಿ?" ಎಂಬ ಪ್ರಶ್ನೆಗೆ ಉತ್ತರ ನಮ್ಮ ಕಕ್ಷಿದಾರರ ಬಿಲ್ಲಿನಲ್ಲಿಯೇ ಇದೆ, ಯಂತ್ರದ ನಕಲಿಗೆ ಅವರು 2,400 ಕೊಟ್ಟು ಬಂದಿದ್ದಾರೆ. ತೆರಿಗೆಯೂ ಅಡ್ಡಿಯಲ್ಲ. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯಲ್ಲಿ ಶೇ. 12ರಲ್ಲಿದ್ದ ಅನೇಕ ಕರಕುಶಲ ವಸ್ತುಗಳು ಶೇ. 5ಕ್ಕೆ ಇಳಿದವು. ಸರಕು ಮಾತ್ರ ಮಾರುವ ಸಣ್ಣ ತಯಾರಕರಿಗೆ ರಾಜ್ಯದೊಳಗಿನ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿಯ ಅಗತ್ಯವೂ ಇಲ್ಲ.

ಹರಿಹರದ ಸಣ್ಣ ಕೈಗಾರಿಕೆಯವರಿಗೂ ಇಲ್ಲಿ ಪಾತ್ರವಿದೆ. ಮಾರಿಷಸ್ ದ್ವೀಪದ ಕ್ಯೂರ್‌ಪೈಪ್ ಎಂಬ ಊರಿನ ಸುತ್ತ ಹಳೆಯ ಹಾಯಿ ಹಡಗುಗಳ ಪುಟ್ಟ ಮಾದರಿಗಳನ್ನು ಮರದಲ್ಲಿ ಕೈಯಿಂದ ಜೋಡಿಸಿ ಮಾರುತ್ತಾರೆ. ಆ ಕಾಲದ ಹಡಗುಗಳು ಇಂದಿಲ್ಲ, ಅವುಗಳ ನೆನಪೇ ಅಲ್ಲಿ ಸರಕಾಗಿದೆ. ಹರಿಹರ ಲೇತ್ ಯಂತ್ರಗಳಿಗೆ ಹೆಸರಾದ ಊರು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದರೂ ಅಲ್ಲಿ ಕೆಲಸ ಕಲಿತ ಕೈಗಳು, ಅವರಿಂದ ಕಲಿತ ಕೈಗಳು ಈ ಊರಿನಲ್ಲಿವೆ. ಅಂಗೈಯಗಲದ ಹಿತ್ತಾಳೆಯ ಲೇತ್ ಮಾದರಿಯೊಂದು ಹರಿಹರದ ಶೆಡ್ಡಿನಲ್ಲಿ ತಯಾರಾದರೆ, ಕೈಗಾರಿಕಾ ಅತಿಥಿಗೆ ಕೊಡಲು ಅದಕ್ಕಿಂತ ಅರ್ಥವುಳ್ಳ ಸ್ಮರಣಿಕೆ ಬೇರೊಂದಿರದು. ಸಂಕ್ರಾಂತಿಯ ಬಿಡುವಿನಲ್ಲೋ ಆರ್ಡರ್ ಇಲ್ಲದ ದಿನಗಳಲ್ಲೋ ಖಾಲಿ ನಿಂತ ಯಂತ್ರಕ್ಕೆ ಇದು ಕೆಲಸವೂ ಹೌದು. ಸ್ಥಿರ ವೆಚ್ಚ ಹೇಗೂ ಆಗುತ್ತಿರುವುದರಿಂದ ಲೋಹ ಮತ್ತು ಕೂಲಿಯ ಮೇಲೆ ಉಳಿದದ್ದೆಲ್ಲ ಕೊಡುಗೆಯೇ.

ಆದುದರಿಂದ ಸದಸ್ಯ ಬಂಧುಗಳಲ್ಲಿ ನನ್ನ ಸಲಹೆ ಸರಳವಾದುದು. ಬರುವ ದೀಪಾವಳಿಗೆ ಪ್ರತಿಯೊಬ್ಬ ವರ್ತಕರೂ ತಮ್ಮ ಉಡುಗೊರೆಯ ಪಟ್ಟಿಯಲ್ಲಿ ಹತ್ತು ವಸ್ತುಗಳನ್ನಾದರೂ ನಮ್ಮ ಜಿಲ್ಲೆಯ ಕೈಗಳಿಂದ ಮಾಡಿಸಲಿ. ಮುಂಗಡವನ್ನು ಶ್ರಾವಣದಲ್ಲೇ ಕೊಡಲಿ, ಕೂಲಿಯನ್ನು ಗಂಟೆಯ ಲೆಕ್ಕದಲ್ಲಿ ಗೊತ್ತುಮಾಡಲಿ, ಹಣವನ್ನು ಬ್ಯಾಂಕ್ ಖಾತೆಗೇ ಪಾವತಿಸಲಿ. ಗಿಯಾನ್ಯಾರ್‌ನ ಹಳ್ಳಿಗಳು ಹೆಸರಾದದ್ದು ಕಸುಬಿನಿಂದ ಮಾತ್ರವಲ್ಲ, ನೆಚ್ಚಿಕೊಳ್ಳಬಹುದಾದ ಗಿರಾಕಿಯಿಂದ. ನಮ್ಮ ತಾಂಡಾಕ್ಕೆ ಮೊದಲ ಗಿರಾಕಿ ನಾವೇ ಆಗಬೇಕು.

5. ಸಾರಾಂಶ

ಪ್ರವಾಸಕ್ಕೆ ಹೊರಡುವವರು ಈ ಆರು ಮಾತುಗಳನ್ನು ನೆನಪಿಡಲಿ:

ಒಂದು, ಮೂರು ಕಡೆ ದರ ಕೇಳಿ, ಸಾಧ್ಯವಾದರೆ ತಯಾರಿಸುವ ಊರಲ್ಲೇ ಕೊಳ್ಳಿ.
ಎರಡು, ವಸ್ತುವಿನ ಬೆನ್ನನ್ನು ನೋಡಿ.
ಮೂರು, ಹವಳ, ಆಮೆ ಚಿಪ್ಪು, ದಂತಗಳನ್ನು ಮುಟ್ಟಬೇಡಿ.
ನಾಲ್ಕು, ಪ್ರತಿ ಬಿಲ್ಲನ್ನೂ ಕಾಪಾಡಿ, ಸುಂಕದ ಮಿತಿಯನ್ನು ಮೊದಲೇ ತಿಳಿಯಿರಿ.
ಐದು, ಕಂಪನಿ ಕೊಟ್ಟ ಪ್ರವಾಸವನ್ನು ಆದಾಯದಲ್ಲಿ ತೋರಿಸಿ. ಸ್ವಂತ ಖರ್ಚನ್ನು ಡ್ರಾಯಿಂಗ್ಸ್‌ಗೆ ಹಾಕಿ.
ಆರು, ಹೊರಡುವ ಮುನ್ನ ನಿಮ್ಮ ಊರಿನದೊಂದು ವಸ್ತುವನ್ನು ಅಲ್ಲಿನವರಿಗಾಗಿ ಒಯ್ಯಿರಿ.

ಕಡೆಯದಾಗಿ ಒಂದು ಮಾತು. ಲಂಬಾಣಿ ಉಡುಪಿನ ಅಂಚಿಗೆ ಹೊಲಿಯುವ ಕವಡೆ ಬಯಲುಸೀಮೆಯ ವಸ್ತುವಲ್ಲ, ಅದು ಕಡಲಿನದು. ಒಂದು ಕಾಲದಲ್ಲಿ ಮಾಲ್ಡೀವ್ಸ್ ದ್ವೀಪಗಳ ಕವಡೆ ಬಂಗಾಳದವರೆಗೂ ನಾಣ್ಯವಾಗಿ ಚಲಾವಣೆಯಲ್ಲಿತ್ತು. ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತಿದ ಬಂಜಾರರು ಆ ಕಾಲದ ದೊಡ್ಡ ಸಾಗಣೆ ವರ್ತಕರು. ದ್ವೀಪದ ಸರಕು ಅಂದೇ ನಮ್ಮ ತಾಂಡಾ ತಲುಪಿತ್ತು. ಇಂದು ನಾವು ಬೆಲೆಯಿಲ್ಲದ್ದಕ್ಕೆ "ಕವಡೆ ಕಾಸಿನ ಕಿಮ್ಮತ್ತಿಲ್ಲ" ಎನ್ನುತ್ತೇವೆ. ನಮ್ಮ ಕಕ್ಷಿದಾರರು ಈ ಸಲದ ದೀಪಾವಳಿಗೆ ನಮ್ಮ ಕಚೇರಿಯ ಹೆಣ್ಣುಮಗಳ ತಾಯಿಗೆ ಹನ್ನೆರಡು ಚೀಲಗಳ ಮುಂಗಡ ಕೊಟ್ಟಿದ್ದಾರೆ. ಬಿಲ್ಲನ್ನು ನಾನೇ ಖರ್ಚಿಗೆ ಹಾಕಲಿದ್ದೇನೆ, ಗಿರಾಕಿಗಳ ಪಟ್ಟಿ ಸಹಿತ.